ಮಳೆಕಾಡಿನಲ್ಲಿ ಖಡಕ್ ರೊಟ್ಟಿ

ಕನ್ನಡ ನಾಡು ಒಂದಾದ ಮರುವರ್ಷ ನಮ್ಮ ಗದಗಿನ ಹತ್ತಿ ದಲಾಲರಿಗೆ ಕಾಡು ನೋಡುವ ಹುಚ್ಚು ಹಿಡಿಯಿತು. ಅದುವರೆಗೆ ಇವರು ಕಂಡಿದ್ದ ಅಡವಿಯೆಂದರೆ ಕಪ್ಪತಗುಡ್ಡದ ಕುರುಚಲು. ಈಗ ಮೈಸೂರು ಸೀಮೆಯೂ ನಮ್ಮದಾಯಿತು, ಆಗುಂಬೆಯ ಮಳೆಯೂ ನಮ್ಮದಾಯಿತು, ನಮ್ಮದನ್ನು ನಾವೇ ನೋಡದಿದ್ದರೆ ಹೇಗೆ ಎಂದು ಗಾದಿಯ ಮೇಲೆ ಲೋಡಿಗೆ ಒರಗಿ ಮಾತಾಡಿಕೊಂಡರು. ಏಕೀಕರಣಕ್ಕಾಗಿ ಇವರಲ್ಲಿ ಯಾರೂ ಒಂದು ದಿನ ಅಂಗಡಿ ಮುಚ್ಚಿದವರಲ್ಲ. ಎಲ್ಲ ಮುಗಿದ ಮೇಲೆ ಮಾತ್ರ ನಾಡನ್ನು ತಾವೇ ಹಗ್ಗ ಕಟ್ಟಿ ಎಳೆದು ತಂದವರಂತೆ ಎದೆ ಉಬ್ಬಿಸಿದರು. ಅವರಲ್ಲಿ ಮುಂದಾಳು ನಮ್ಮ ಅಪ್ಪ.

ಹೊರಡಲು ಆರಿಸಿಕೊಂಡದ್ದು ನಡು ಮಳೆಗಾಲ. ಹತ್ತಿಯ ವ್ಯಾಪಾರಕ್ಕೆ ಆಗ ಬಿಡುವು, ಅದೊಂದೇ ಕಾರಣ. ನಮ್ಮ ಕಡೆಯ ಮಳೆ ಬೀಗರ ಹಾಗೆ, ಬಂದು ಮುಖ ತೋರಿಸಿ ಹೋಗುತ್ತದೆ. ಅಲ್ಲಿಯದೂ ಹಾಗೆಯೇ ಎಂದು ಈ ಜಾಣರು ತಿಳಿದರು.

ಬಾಡಿಗೆಯ ಬಸ್ಸಿನಲ್ಲಿ ಏಳೆಂಟು ಗಂಡಸರು. ಅವರಿಗೆ ನೀಡಲು ಯಾರಾದರೂ ಬೇಕಲ್ಲ, ಅದಕ್ಕಾಗಿ ನಮ್ಮ ಅವ್ವ. ಲಕ್ಷ್ಮೇಶ್ವರದಿಂದ ಬಂದ ಕಾಳಿನ ವ್ಯಾಪಾರಿಯೂ ತನ್ನ ಹೆಂಡತಿಯನ್ನು ಅದೇ ಕೆಲಸಕ್ಕೆ ಕರೆತಂದಿದ್ದ. ಅವನ ಮಗನಿಗೆ ನನ್ನನ್ನು ಕೊಡುವ ಮಾತು ಆಗಲೇ ನಡೆದಿತ್ತು. ಕಾಡು ನೋಡಿದಂತೆಯೂ ಆಯಿತು, ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿದಂತೆಯೂ ಆಯಿತು ಎಂದು ನನ್ನನ್ನೂ ಹತ್ತಿಸಿದರು. ಊರಿಗೆ ಮರಳಿದೊಡನೆ ನಿಶ್ಚಯ ಮಾಡುವುದು ಎಂದು ಅಪ್ಪನ ಲೆಕ್ಕಾಚಾರ. ಕನ್ನಡ ಏಳನೆಯ ಇಯತ್ತೆ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

ಹುಡುಗನ ಬಾಯಿ ಮಾತ್ರ ಬಸ್ಸಿನ ಇಂಜಿನ್ನಿಗಿಂತ ಜೋರಾಗಿತ್ತು. "ಹುಲಿ ಬಂದ್ರ ಬರ್ಲಿ ಬಿಡ್ರಿ. ಗರಡ್ಯಾಗ ಮಣ್ಣು ಮುಕ್ಕಿದ ಮೈ ಐತಿ ಇದು!" ಎಂದು ತೋಳು ತಟ್ಟಿಕೊಂಡ. ಗಂಡಸರೆಲ್ಲ ಭಲೇ ಎಂದರು. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತಾರೆ. ಇವನದು ಬಸ್ಸಿನ ಸೀಟಿನ ಮೇಲೆ.

ಮೂರನೆಯ ದಿನ ಘಟ್ಟದ ದಾರಿಯಲ್ಲಿ ಬಸ್ಸು ನಿಲ್ಲಿಸಿ ಕಾಡಿನೊಳಗೆ ನಡೆದೆವು. ಹಗಲಿನಲ್ಲೇ ಮಬ್ಬು. ತಲೆ ಎತ್ತಿದರೆ ಆಕಾಶವೇ ಇಲ್ಲ, ಎಲೆಯ ಮೇಲೆ ಎಲೆ, ಅದರ ಮೇಲೆ ಇನ್ನೊಂದು ಎಲೆ, ಎಲ್ಲೆಲ್ಲೂ ನೀರಿನ ಸದ್ದು. ಕೊಡ ನೀರಿಗೆ ಬಾವಿಯ ಮುಂದೆ ಪಾಳಿ ಹಚ್ಚಿ ಬೆಳೆದ ನನಗೆ ಅಳುವೇ ಬಂತು, ಅಷ್ಟು ಚೆಂದವಿತ್ತು. ಅಪ್ಪ ಒಂದು ದೊಡ್ಡ ಮರವನ್ನು ಕೊಡೆಯಿಂದ ತಟ್ಟಿ ನೋಡಿ, "ಎಷ್ಟ ತೊಲಿ ಆದಾವಲೇ ಇದರಾಗ!" ಅಂದ. ಕನ್ನಡಾಂಬೆಯ ಸಿರಿ ಈ ದಲಾಲರಿಗೆ ಕಂಡದ್ದು ಅಷ್ಟೇ.

ಅಷ್ಟರಲ್ಲಿ ಮುಂದಿನಿಂದ ಒಂದು ಚೀತ್ಕಾರ. ನಮ್ಮ ಗರಡಿಯ ಪೈಲವಾನ ಕೆಸರಿನಲ್ಲಿ ಕುಂಡಿಯೂರಿ ಕುಳಿತಿದ್ದ. ಕಾಲಿನ ಮೀನಖಂಡದ ಮೇಲೆ ಒಂದು ಜಿಗಣೆ, ಕಡ್ಡಿಯಷ್ಟೇ ದಪ್ಪ. "ಯವ್ವಾ, ತಗೀಬೇ ಇದನ್ನ! ಜಲ್ದಿ ತಗೀಬೇ!" ಅವನ ತಾಯಿ ಓಡಿಬಂದು ಗಂಡನ ಎಲೆ ಅಡಕೆಯ ಚೀಲದಿಂದ ಸುಣ್ಣ ತೆಗೆದು ಹಚ್ಚಿದಳು, ಜಿಗಣೆ ಉದುರಿತು. ಆಕೆಯ ಎರಡೂ ಹಿಮ್ಮಡಿಯಿಂದ ರಕ್ತ ಇಳಿದು ಸೀರೆಯ ಅಂಚು ತೊಯ್ದಿತ್ತು. ಅದನ್ನು ಗಂಡನೂ ನೋಡಲಿಲ್ಲ, ಮಗನೂ ನೋಡಲಿಲ್ಲ. ಉಳಿದ ಸುಣ್ಣವನ್ನು ನಾನೇ ಆಕೆಯ ಕಾಲಿಗೆ ಹಚ್ಚಿದೆ.

ಬಸ್ಸಿಗೆ ಮರಳಿ ಸ್ವಲ್ಪ ದೂರ ಹೋಗುವುದರೊಳಗೆ ದಾರಿಗೆ ಅಡ್ಡ ಮರ ಬಿದ್ದಿತ್ತು. ಕಡಿಯುವ ಆಳುಗಳು ಬರುವವರೆಗೆ ಕೂರಬೇಕು. ಸಾಹಸಿಗರಿಗೆ ಹಸಿವಾಯಿತು. ಬಸ್ಸಿನ ಮೇಲಿಂದ, ಅದುವರೆಗೆ ಬಿಚ್ಚದೆ ಇಟ್ಟಿದ್ದ ರೊಟ್ಟಿಯ ಎರಡನೆಯ ಬುಟ್ಟಿ ಇಳಿಸಿದರು.

ಜೋಳದ ಖಡಕ್ ರೊಟ್ಟಿ ನಮ್ಮ ಊರಿನಲ್ಲಿ ತಿಂಗಳು ಇಟ್ಟರೂ ಕೆಡುವುದಿಲ್ಲ, ಹಪ್ಪಳದಂತೆ ಮುರಿಯುತ್ತದೆ. ಆ ನಂಬಿಕೆಯ ಮೇಲೆಯೇ, ಬೇರೇನೂ ಬೇಡ, ಬುಟ್ಟಿ ತುಂಬ ರೊಟ್ಟಿಯೊಂದಿದ್ದರೆ ಸಾಕು ಎಂದು ಅಪ್ಪ ಅಪ್ಪಣೆ ಮಾಡಿದ್ದ. ಬಟ್ಟೆ ಬಿಚ್ಚಿದರೆ ಹಳಸು ವಾಸನೆ. ಮೂರು ದಿನದ ಮಳೆಗೆ, ಘಟ್ಟದ ಥಂಡಿಗೆ ರೊಟ್ಟಿಯೆಲ್ಲ ಮೆತ್ತಗಾಗಿ, ಒಂದಕ್ಕೊಂದು ಅಂಟಿ, ಹಸಿರು ಬೂಷ್ಟು ಹಿಡಿದಿತ್ತು. ನಡುವೆ ಒಂದಿಷ್ಟು ಮಾತ್ರ ಚೆನ್ನಾಗಿದ್ದವು.

ಗಂಡಸರು ಮೊದಲು ಉಣ್ಣುವುದು ನಮ್ಮಲ್ಲಿ ರೂಢಿ. ಬಸ್ಸಾದರೇನು, ಅಡವಿಯಾದರೇನು? ಅವ್ವನೂ ಆ ತಾಯಿಯೂ ಚೆನ್ನಾಗಿದ್ದ ರೊಟ್ಟಿಗಳನ್ನು ಆರಿಸಿ, ಶೇಂಗಾ ಚಟ್ನಿ ಹಾಕಿ ಕೊಟ್ಟರು. ಗಂಡಸರು ತಿಂದರು. ನಾವೆಲ್ಲ ಒಂದೇ ತಾಯಿಯ ಮಕ್ಕಳು, ಇನ್ನು ನಮ್ಮಲ್ಲಿ ಭೇದವಿಲ್ಲ ಎಂದು ಮಾತಾಡುತ್ತ ತಿಂದರು. ಹುಡುಗ ಕೈ ಚಾಚಿದ. "ಯವ್ವಾ, ಇನ್ನೊಂದು ತಾ."

"ತಗೋಪಾ," ಎಂದು ಆಕೆ ಚೆನ್ನಾಗಿದ್ದ ಕೊನೆಯದನ್ನೂ ಕೊಟ್ಟಳು. ಅವನಿಗೆ ಬುಟ್ಟಿ ಕಾಣುತ್ತಿತ್ತು. ಒಳಗೆ ಉಳಿದದ್ದೂ ಕಾಣುತ್ತಿತ್ತು. ತಿಂದು ಮುಗಿಸಿ, ತೇಗಿ, ಕಾಲು ಚಾಚಿ ಮಲಗಿದ. ಜಿಗಣೆಯಾದರೂ ಹೊಟ್ಟೆ ತುಂಬಿದ ಮೇಲೆ ತಾನಾಗಿ ಬಿಡುತ್ತದೆ. ನನಗೆ ಅವನ ಮೇಲೆ ಹೇಸಿಗೆಯಾಯಿತು, ಸಿಟ್ಟಲ್ಲ, ಹೇಸಿಗೆ.

ಆಕೆ ಬೂಷ್ಟನ್ನು ಉಗುರಿನಿಂದ ಕೆರೆದು ಒಂದು ರೊಟ್ಟಿಯನ್ನು ಹರಿದಳು. ಒಂದು ತುಂಡು ಅವ್ವನಿಗೆ, ಒಂದು ನನಗೆ. ನಾನು ಕೈ ಹಿಂದೆಗೆದೆ.

"ತಗೋವ್ವಾ," ಅಂದಳು ಮೆಲ್ಲಗೆ, ಪ್ರೀತಿಯಿಂದಲೇ. "ಮೊದಮೊದಲು ಹಂಗ ಅನಸತೈತಿ. ಆಮ್ಯಾಲ ರೂಢಿ ಆಗತೈತಿ."

ನನಗೆ ನನ್ನ ಮುಂದಿನ ಬಾಳು ಪೂರ್ತಿ ಕಂಡುಬಿಟ್ಟಿತು.

ಊರಿಗೆ ಬಂದ ಮರುದಿನ ಅಪ್ಪ ಊಟಕ್ಕೆ ಕುಳಿತಾಗ ಹೇಳಿದೆ. "ಅಪ್ಪಾ, ಆ ಹುಡುಗನ್ನ ನಾ ಒಲ್ಲೆ."

ಅಪ್ಪ ನಕ್ಕ. "ಯಾಕ? ಜಿಗಣಿಗೆ ಅಂಜಿದನಂತನ? ಅಂಜಲಿ ಬಿಡು, ಲಕ್ಷ್ಮೇಶ್ವರದಾಗ ಜಿಗಣಿ ಎಲ್ಲಿ ಅದಾವು?"

"ಅದಕ್ಕಲ್ಲ. ತಾಯಿಗೆ ಬೂಷ್ಟು ಹಿಡದ ರೊಟ್ಟಿ ಉಳಿಸಿ, ಚಲೋದನ್ನ ತಾ ತಿಂದ."

"ಅಷ್ಟs ಹೌದಲ್ಲ!" ಅಪ್ಪನಿಗೆ ನಿಜವಾಗಿಯೂ ಸೋಜಿಗ. "ಎಲ್ಲಾರ ಮನ್ಯಾಗೂ ಹಂಗs ಇರತೈತಿ. ನಿಮ್ಮವ್ವ ಎಂದಾರ ಕೇಳ್ಯಾಳೇನು?"

ಅವ್ವ ಅವನಿಗೆ ನೀಡಲೆಂದು ಬಿಸಿ ರೊಟ್ಟಿ ಹಿಡಿದು ನಿಂತಿದ್ದಳು. ಸೆರಗು ಸರಿಮಾಡಿಕೊಂಡಳು.

"ಕೇಳಿಲ್ಲ ಖರೆ," ಅಂದಳು. "ಈಗ ಕೇಳಾಕತ್ತೀನಿ. ಆಕಿ ಒಲ್ಲೆ ಅಂದ್ಲು, ಬಿಟ್ಟುಬಿಡ್ರಿ."

ಆ ರೊಟ್ಟಿ ಅಪ್ಪನ ತಾಟಿಗೆ ಬರಲಿಲ್ಲ. ಅವ್ವ ಅವನ ಎದುರೇ ಕುಳಿತು, ಅದನ್ನು ಮುರಿದು, ತಾನೇ ತಿಂದಳು.