ಉತ್ತರದಿಂದ ಬಂದ ಬಿಸಿಲು

ಶಿರ್ವದ ಮನೆಯ ಕಥೆಯನ್ನು ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಾರೆ: ಮನೆಯೊಡತಿ ಬಾಯಮ್ಮ ಹಾಳೆ ನೋಡಿದರು, ಹಾಳೆಯ ಮೇಲಿನ ಚಿತ್ರ ನೋಡಿದರು, ಕುಳಿತಲ್ಲೇ ಒಪ್ಪಿದರು. ಒಪ್ಪಿಗೆಯಾಗಿ ಹೆಚ್ಚು ದಿನವಾಗಿಲ್ಲ, ಆಗಲೇ ಅದು ಪಾಠವಾಗಿದೆ. "ಪ್ಲಾನ್ ಯಾರೂ ಓದುವುದಿಲ್ಲ ಮಾರಾಯ್ರೇ, ಚಿತ್ರ ಚೆಂದ ಕೂರಿಸಿ" ಎಂದು ಸರ್ ಹೊಸಬರಿಗೆ ಹೇಳುತ್ತಾರೆ.

ಆ ದಿನ ನಾನು ಅಲ್ಲೇ ಇದ್ದೆ. ಬಾಯಮ್ಮ ನೋಡಿದ್ದು ಒಂದು ಹಾಳೆಯನ್ನಲ್ಲ, ಎರಡನ್ನು. ಎರಡನೆಯದು ಕಥೆಯಿಂದ ಬಿದ್ದುಹೋದದ್ದು ಹೇಗೆ?

ಮಣಿಪಾಲದ ಈ ಪುಟ್ಟ ಆರ್ಕಿಟೆಕ್ಟ್ ಆಫೀಸಿನಲ್ಲಿ ಹಾಳೆ ಜೋಡಿಸುವುದು ನನ್ನ ಕೆಲಸ. ಇನ್ನೂ ಕಟ್ಟದ ಮನೆಯನ್ನು ಕಂಪ್ಯೂಟರಿನಲ್ಲಿ ಫೋಟೋದಂತೆ ಕಾಣಿಸುತ್ತೇವೆ. ಅದಕ್ಕೆ ರೆಂಡರ್ ಎನ್ನುತ್ತಾರೆ. ಆ ಚಿತ್ರ ಹಾಳೆಯ ಮೇಲರ್ಧಕ್ಕೆ, ನಕ್ಷೆ ಅದರ ಕೆಳಗೆ, ಉತ್ತರ ತೋರಿಸುವ ಬಾಣ ಮೂಲೆಗೆ. ದೊಡ್ಡದಾಗಿ ಪ್ರಿಂಟ್ ಮಾಡಿದಾಗ ಚಿತ್ರ ಒಡೆದು ಚುಕ್ಕೆ ಚುಕ್ಕೆಯಾಗಬಾರದು ಎಂಬುದೇ ಸರ್ ಅವರ ದೊಡ್ಡ ಭಯ. ಉಡುಪಿಯ ಪ್ರಿಂಟ್ ಅಂಗಡಿಯಲ್ಲಿ ಮೊದಲು ಒಂದು ತುಂಡು ತೆಗೆಸಿ, ಕಿಟಕಿಯ ಬಳಿ ಹಿಡಿದು, ಎಲೆಯ ಅಂಚು ಚೂಪಾಗಿದೆಯೇ ಎಂದು ನೋಡುತ್ತಾರೆ.

ಶಿರ್ವದ ಚಿತ್ರದಲ್ಲಿ ಎಲೆಗಳೇ ಮುಖ್ಯವಾಗಿದ್ದವು. ಬಾಯಮ್ಮನಿಗೆ ಹಳೆ ಮನೆಯ ಹಿಂದೆ ಮಲ್ಲಿಗೆ ತೋಟ ಉಂಟು. ನಸುಕಿನಲ್ಲಿ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಮಾರಲು ಹೂವಿನ ಕಟ್ಟೆಗೆ ಕಳುಹಿಸುತ್ತಾರೆ. ಗಂಡ ಕುವೈತಿನಲ್ಲಿ, ಬರುವ ವರ್ಷ ಬಂದು ಇಲ್ಲೇ ನೆಲೆಸುವ ಯೋಚನೆ. ಅದಕ್ಕೆಂದೇ ತಗ್ಗು ಸೂರಿನ ಹೆಂಚಿನ ಮನೆ ಕೆಡವಿ ಎರಡು ಮಹಡಿಯದು. ರಸ್ತೆ ದಕ್ಷಿಣಕ್ಕೆ, ಮಲ್ಲಿಗೆ ಉತ್ತರಕ್ಕೆ. ಮುಂದೆ ಎರಡು ಕಾರು ಒಂದರ ಹಿಂದೆ ಒಂದು ನಿಲ್ಲಬೇಕೆಂದು ಗಂಡ ಹೇಳಿದ್ದರಿಂದ ಮನೆ ಹಿಂದೆ ಸರಿಯಿತು. ಗೋಡೆ ಗಿಡಗಳ ಹತ್ತಿರಕ್ಕೇ ಹೋಯಿತು. ಬಾಯಮ್ಮ ಸರ್ ಹತ್ತಿರ ಕೇಳಿದ್ದು ಒಂದೇ: "ಮನೆ ನಿಮ್ಮಿಷ್ಟದ ಹಾಗೆ ಮಾಡಿ. ನನ್ನ ಗಿಡಕ್ಕೆ ಬಿಸಿಲು ಉಂಟಾ?"

ಹಾಗಾಗಿ ಚಿತ್ರವನ್ನು ತೋಟದ ಕಡೆಯಿಂದ ತೆಗೆದೆವು. ಎದುರಿಗೆ ಮಲ್ಲಿಗೆ, ಹಿಂದೆ ಮನೆ. ಕಂಪ್ಯೂಟರಿನಲ್ಲಿ ಸೂರ್ಯನನ್ನು ಇದ್ದಲ್ಲೇ ಬಿಟ್ಟರೆ ಗೋಡೆ ಮಂಕು, ಗಿಡ ಮಂಕು. ಸರ್ ಬಂದು ಸೂರ್ಯನನ್ನು ಈಚೆಗೆ, ನೋಡುವವರ ಬೆನ್ನ ಹಿಂದಕ್ಕೆ ತಿರುಗಿಸಿದರು. ಎಲ್ಲ ಚಿತ್ರಗಳಿಗೂ ಹೀಗೇ ಮಾಡುವುದು. ನಮ್ಮ ಸೂರ್ಯ ಯಾವಾಗಲೂ ಬೆನ್ನ ಹಿಂದೆಯೇ. ಗೋಡೆ ಬೆಳಗಿತು, ಮೊಗ್ಗು ಹೊಳೆಯಿತು.

ಹಾಳೆಯಲ್ಲಿ ಅದನ್ನು ಕೂರಿಸಿ ಮೂಲೆಯ ಬಾಣ ನೋಡಿದೆ. ಬಿಸಿಲು ಉತ್ತರದಿಂದ ಬರುತ್ತಿತ್ತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಮನೆಯ ನೆರಳು ಬೀಳುವುದು ಸೀದಾ ಮಲ್ಲಿಗೆಯ ಮೇಲೆ. ಹೂ ಕಡಿಮೆಯಾಗಿ ಬೇಡಿಕೆ ಹೆಚ್ಚುವ ಕಾಲವೂ ಅದೇ.

"ಸರ್, ಬಾಣ ಒಂದು ಹೇಳ್ತದೆ, ಚಿತ್ರ ಇನ್ನೊಂದು ಹೇಳ್ತದೆ. ಒಂದೇ ಹಾಳೆಯಲ್ಲಿ!"

"ಮೇ ತಿಂಗಳಲ್ಲಿ ಉತ್ತರದ ಬಿಸಿಲು ಉಂಟಲ್ಲ?"

"ಮೇ ಮುಗಿದ ಕೂಡಲೇ ಮೋಡ. ಡಿಸೆಂಬರಿಗೆ ಎಂತ ಹೇಳ್ತೀರಿ?"

"ನಿನಗೆ ಆರ್ಕಿಟೆಕ್ಚರ್ ಯಾಕೆ ಮಾರಾಯ್ತಿ, ಕೋರ್ಟಿಗೆ ಹೋಗಬೇಕಿತ್ತು." ಸರ್ ನಕ್ಕರು. "ಕೆಳಗೆ ಬರೆದುಂಟು ನೋಡು, ಚಿತ್ರ ಕಲ್ಪನೆ ಮಾತ್ರ ಅಂತ. ಅದೆಂತ ಕರಾರು ಪತ್ರವಾ?"

ಬರೆದದ್ದು ನಿಜ. ಇರುವೆ ಓದುವಷ್ಟು ಸಣ್ಣಕ್ಕೆ ಬರೆದಿದ್ದೆವು.

ನಾನು ಡಿಸೆಂಬರಿನ ಮಧ್ಯಾಹ್ನದ ಸೂರ್ಯನನ್ನು ಇಟ್ಟು ಇನ್ನೊಂದು ರೆಂಡರ್ ಮಾಡಿದೆ. ನೆರಳು ಮೊದಲ ಸಾಲುಗಳನ್ನು ನುಂಗಿ ತೋಟದ ನಡುವಿಗೆ ಬಂದಿತ್ತು. ಮನೆಯನ್ನು ಒಂದು ಕಾರಿನಷ್ಟು ರಸ್ತೆಯ ಕಡೆಗೆ ತಂದರೆ ಗಿಡಕ್ಕೆ ನೆರಳು ತಪ್ಪುತ್ತದೆ. ಅದನ್ನೂ ಅಳೆದು ನೋಡಿದೆ. ಅದೇ ಅಳತೆಯ ಹಾಳೆಯಲ್ಲಿ ನೆರಳಿನ ಚಿತ್ರ ಕೂರಿಸಿ, ಪ್ರಿಂಟ್ ತೆಗೆಸಿ, ಮೊದಲನೆಯದರ ಜೊತೆಗೇ ಸುತ್ತಿದೆ. ಶಿರ್ವ ಮುಟ್ಟುವವರೆಗೂ ಆ ಸುರುಳಿ ನನ್ನ ತೊಡೆಯ ಮೇಲಿತ್ತು.

ಜಗಲಿಯಲ್ಲಿ ಬಾಯಮ್ಮ ಹೂ ಕಟ್ಟುತ್ತ ಕುಳಿತಿದ್ದರು. ಗಂಡ ವಿಡಿಯೋ ಕಾಲಿನಲ್ಲಿದ್ದರು, ಮೊಬೈಲು ಚೆಂಬಿಗೆ ಒರಗಿತ್ತು. ಸರ್ ಮೊದಲ ಹಾಳೆ ಬಿಚ್ಚಿದರು.

"ಯಬ್ಬ! ಹೂ ಸಮೇತ!" ಎಂದರು ಬಾಯಮ್ಮ. "ಬಿಸಿಲು ಉಂಟಲ್ವಾ?"

"ನೋಡಿ, ಎಷ್ಟು ಬೇಕು?" ಎಂದರು ಸರ್.

ನಾನು ಎರಡನೆಯದನ್ನು ಅದರ ಮೇಲೆಯೇ ಹಾಸಿದೆ. "ಇದು ಡಿಸೆಂಬರ್, ಬಾಯಮ್ಮ."

ಕುವೈತಿನಿಂದ ದನಿ ಬಂತು: "ಅದೆಂತ ಕಪ್ಪು? ಪ್ರಿಂಟ್ ಸರಿ ಬರಲಿಲ್ವಾ?"

"ಅದು ಟ್ರಯಲ್ ಪ್ರಿಂಟ್," ಎಂದರು ಸರ್.

"ಟ್ರಯಲ್ ಅಲ್ಲ. ಕಪ್ಪಾಗಿರುವುದು ನೆರಳು. ಮನೆಯನ್ನು ಒಂದು ಕಾರಿನಷ್ಟು ಮುಂದೆ ತಂದರೆ..."

"ಕಾರಿನ ಜಾಗ ಮುಟ್ಟಬೇಡಿ ಆಯ್ತಾ," ಎಂದಿತು ಮೊಬೈಲು.

ಬಾಯಮ್ಮ ಕತ್ತಲೆಯ ಹಾಳೆಯನ್ನು ಎತ್ತಿ ಕೆಳಗಿನದನ್ನು ನೋಡಿದರು, ಮತ್ತೆ ಬಿಟ್ಟರು. ಅವರ ಬೆರಳು ಬಾಳೆನಾರನ್ನು ಬಿಟ್ಟಿರಲಿಲ್ಲ. ಮೊಬೈಲಿನ ಕಡೆ ಒಮ್ಮೆ ನೋಡಿ, "ಆಗಬಹುದು" ಎಂದರು. ಎರಡನ್ನೂ ಒಟ್ಟಿಗೇ ಸುತ್ತಿ ಒಳಗೆ ಇಟ್ಟರು.

ಸರ್ ಹೇಳುವ ಕಥೆ ಆ "ಆಗಬಹುದು" ಎಂಬಲ್ಲಿಗೆ ಮುಗಿಯುತ್ತದೆ. ನನಗೆ ಅಲ್ಲಿಂದಲೇ ಶುರು. ಎದುರಾಳಿಯ ಗಟ್ಟಿ ವಾದವನ್ನು ನೀನೇ ಮೊದಲು ಹೇಳಿಬಿಡು ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿಸಿದ್ದರು. ಹೇಳುತ್ತೇನೆ: ನನ್ನ ಚಿತ್ರವೂ ಒಂದು ಗಳಿಗೆಯದ್ದೇ. ಬಾಯಮ್ಮ ಮಗುವಲ್ಲ. ಎಷ್ಟೋ ವರ್ಷ ದೂರವಿದ್ದ ಗಂಡ ಬರುತ್ತಾರೆಂದರೆ ಅರ್ಧ ತೋಟ ಹೋಗಲಿ ಎಂದು ಅವರಿಗೆ ಅನಿಸಿದ್ದರೆ, ನಡುವೆ ಬರಲು ನಾನು ಯಾರು? ಆದರೆ ಅವರೂ ಅದನ್ನು ಕೆಟ್ಟ ಪ್ರಿಂಟ್ ಎಂದೇ ತಿಳಿದಿದ್ದರೆ? ಕಾರ್ಕಳದಿಂದ ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ದಿನವೂ ಈ ಎರಡು ಪಕ್ಷವನ್ನೂ ನಾನೇ ವಾದಿಸುತ್ತೇನೆ, ಒಂದು ಸಲವೂ ತೀರ್ಪು ಸಿಕ್ಕಿಲ್ಲ. ಕಾಪು ಕಡೆಯ ಇನ್ನೊಂದು ಮನೆಯ ಹಾಳೆ ಈಗ ನನ್ನ ಪರದೆಯ ಮೇಲಿದೆ. ಚಿತ್ರಕ್ಕಿಂತ ಮೊದಲು ಬಾಣ ನೋಡುತ್ತೇನೆ.

ನಿನ್ನೆ ಶಿರ್ವದಲ್ಲಿ ಪಾಯಕ್ಕೆ ಗುರುತು ಹಾಕಿದರು. ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಹೋದೆ. ಹಳೆ ಮನೆ ಕೆಡವಿಯಾಗಿತ್ತು. ಬಾಗಲಕೋಟೆ ಕಡೆಯ ಮೇಸ್ತ್ರಿ ಸುಣ್ಣದ ಗೆರೆ ಎಳೆದು ಕೈ ಒರೆಸಿಕೊಳ್ಳುತ್ತಿದ್ದರು. "ನಾಳಿಗಿ ಜೆಸಿಬಿ ಬರ್ತದ್ರೀ ಮೇಡಮ್ಮಾರ. ಒಮ್ಮೆ ಅಗದ್ವಿ ಅಂದ್ರ ಮತ್ತ ಆಚಿಗೀಚಿಗಿ ಆಗಂಗಿಲ್ರೀ."

ಗೆರೆ ಹಾಳೆಯಲ್ಲಿದ್ದಲ್ಲೇ, ಗಿಡಗಳ ಹತ್ತಿರವೇ ಇತ್ತು. ಅದರ ಆಚೆ ಬಾಯಮ್ಮ ಗಿಡದ ಬುಡಕ್ಕೆ ನೀರು ಬಿಡುತ್ತಿದ್ದರು. ನನ್ನನ್ನು ನೋಡಿ ಪೈಪು ಬೇರೆ ಗಿಡಕ್ಕೆ ತಿರುಗಿಸಿದರು. ಗೆರೆ ದಾಟಿ ಹತ್ತಿರ ಹೋದೆ.

"ಬಾಯಮ್ಮ, ಒಂದೇ ಮಾತು. ಆ ಕಪ್ಪು ಹಾಳೆಯನ್ನು ನೀವು ನಂಬಲಿಲ್ವಾ, ಅಲ್ಲ ನಂಬಿಯೇ ಆಗಬಹುದು ಅಂದದ್ದಾ?"