ಟಪಾಲು ಡಬ್ಬಿಯಿಂದ ಮೂರು ಮೈಲಿ ಆಚೆ

2022ರ ಏಪ್ರಿಲ್‌ನಲ್ಲಿ ನಾನು ಬೇ ಏರಿಯಾದ ಒಂದು ಕೌಂಟಿಯ, ಅಂದರೆ ಜಿಲ್ಲೆಯ, ಚುನಾವಣಾ ಕಚೇರಿಯಲ್ಲಿ ಜಿಐಎಸ್ ಅನಲಿಸ್ಟ್ ಆಗಿದ್ದೆ. ಕಂಪ್ಯೂಟರಿನ ನಕ್ಷೆಯ ಮೇಲೆ ಪ್ರತಿ ಮತದಾರರ ವಿಳಾಸವನ್ನು ಚುಕ್ಕಿಯಾಗಿ ಕೂರಿಸಿ, ಅದು ಯಾವ ಕ್ಷೇತ್ರಕ್ಕೆ ಸೇರುತ್ತದೆ ಎಂದು ಹೇಳುವುದು ನನ್ನ ಕೆಲಸ. ಇಲ್ಲಿ ಮತಪತ್ರ ಅಂಚೆಯಲ್ಲೇ ಬರುತ್ತದೆ. ಚುಕ್ಕಿ ತಪ್ಪಿದರೆ ಬೇರೆ ಕ್ಷೇತ್ರದ ಮತಪತ್ರ ಕೈಸೇರುತ್ತದೆ.

ಹತ್ತು ವರ್ಷಕ್ಕೊಮ್ಮೆ ಜನಗಣತಿ ಮುಗಿದ ಮೇಲೆ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತಿನ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಎಳೆಯುತ್ತಾರೆ. ಜನಸಂಖ್ಯೆ ಎಲ್ಲ ಕ್ಷೇತ್ರಗಳಲ್ಲೂ ಸಮನಾಗಿರಬೇಕು. ಪಟ್ಟಣಗಳು ಉಬ್ಬಿದಂತೆಲ್ಲ ಹಳ್ಳಿಗಾಡಿನ ಗಡಿ ಅತ್ತಿತ್ತ ಸರಿಯುತ್ತದೆ. ನಮ್ಮ ಕೌಂಟಿಯ ಅಂಚಿನಲ್ಲಿ ದನ ಸಾಕುವವರ ಒಂದು ಕಣಿವೆಯಿದೆ. ಅಲ್ಲಿ ಕ್ಷೇತ್ರದ ಗಡಿ ಮೊದಲು ಬಲಬದಿಯ ಹಳ್ಳದ ಗುಂಟ ಇತ್ತು, ಮುಂದಿನ ನಕ್ಷೆಯಲ್ಲಿ ಎಡಬದಿಯ ಬೆಟ್ಟದ ನೆತ್ತಿಗೇರಿತು. ಈ ಸಲ ನಡುವಿನ ರಸ್ತೆಗೇ ಬಂದು ಕೂತಿತು.

ಕಣಿವೆಯ ನಲವತ್ತೊಂದು ಮನೆಗಳ ಚುಕ್ಕಿಗಳೂ ರಸ್ತೆಯ ಬಲಕ್ಕೆ ಸಾಲಾಗಿ ನಿಂತಿದ್ದವು. ಎಷ್ಟು ಚೊಕ್ಕ ಎಂದು ಬೀಗುತ್ತ ಶುಕ್ರವಾರ ಆ ನಕ್ಷೆಗೆ ಸಹಿ ಹಾಕಿ, ಬೇ ಏರಿಯಾದ್ದೇ ಊರಾದ ಡಬ್ಲಿನ್‌ನ ಮನೆಗೆ ಬಂದೆ. ಮತಪತ್ರದ ಮುದ್ರಣ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶುರು.

ಧಾರವಾಡದಿಂದ ಬಂದಿದ್ದ ನಮ್ಮತ್ತೆಗೆ ಟಪಾಲು ತರುವುದು ದಿನದ ವಾಕಿಂಗು. ನಮ್ಮ ಕಾಲೊನಿಯಲ್ಲಿ ಎಲ್ಲರ ಡಬ್ಬಿಗಳೂ ಗೇಟಿನ ಹತ್ತಿರ ಒಂದೇ ಕಡೆ ಇವೆ. ಭಾನುವಾರ ಸಂಜೆ, ಶನಿವಾರ ಬಂದಿದ್ದ ಕಾಗದಗಳನ್ನು ತಂದು ಮೇಜಿನ ಮೇಲಿಟ್ಟು ಗೊಣಗಿದರು.

"ಮನಿ ಇಲ್ಲೈತಿ, ಡಬ್ಬಿ ಅಲ್ಲೆಲ್ಲೋ ಇಟ್ಟಾರ. ಇದೆಂಥಾ ಪದ್ಧತಿನೋ ಇವರದು!"

ನಗಲು ಹೊರಟವಳಿಗೆ ಸಾಲಾಗಿ ನಿಂತಿದ್ದ ಆ ಚುಕ್ಕಿಗಳು ನೆನಪಾದವು. ಲ್ಯಾಪ್‌ಟಾಪ್ ತೆಗೆದು ಕಣಿವೆಯ ವೈಮಾನಿಕ ಚಿತ್ರ ನೋಡಿದೆ. ರಸ್ತೆಯ ಬಲಕ್ಕೆ ಖಾಲಿ ಹುಲ್ಲುಗಾವಲು. ಒಂದು ಚಾವಣಿಯೂ ಇಲ್ಲ.

ಸೋಮವಾರ ಎಂಟಕ್ಕೇ ಅಲ್ಲಿನ ಒಬ್ಬ ಮತದಾರರಿಗೆ ಫೋನ್ ಮಾಡಿದೆ. ಹೆಂಗಸೊಬ್ಬರು ಎತ್ತಿದರು. ನಿಮ್ಮ ಮನೆ ಇರುವುದು ರಸ್ತೆಯ ಬಲಕ್ಕೇ ತಾನೇ ಎಂದು ಕೇಳಿದೆ.

"ಬಲಕ್ಕಿರೋದು ಬರೀ ಟಪಾಲು ಡಬ್ಬಿಗಳು. ಅಂಚೆ ಗಾಡಿ ನಮ್ಮ ಮಣ್ಣುದಾರಿ ಹತ್ತೋದಿಲ್ಲ. ನಾವೆಲ್ಲ ಎಡಕ್ಕೆ, ಮೂರು ಮೈಲಿ ಒಳಗೆ ಇರೋದು."

ಚುಕ್ಕಿಗಳನ್ನು ಎಂದೋ ಯಾರೋ ಡಬ್ಬಿಗಳ ಮೇಲೆ ಕೂರಿಸಿದ್ದರು. ಹಳೆಯ ಎರಡೂ ನಕ್ಷೆಗಳಲ್ಲಿ ಡಬ್ಬಿ, ಮನೆ ಎರಡೂ ಗಡಿಯ ಒಂದೇ ಬದಿಗಿದ್ದವು. ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಅಷ್ಟೂ ಮನೆಯವರು ತಮ್ಮದಲ್ಲದ ಕ್ಷೇತ್ರಕ್ಕೆ ಮತ ಹಾಕುವವರಿದ್ದರು, ನನ್ನ ಸಹಿಯ ಮೇಲೆ.

ಮೇಲಧಿಕಾರಿ ಲಿಂಡಾ ಎದುರು ನಿಂತು ಎಲ್ಲ ಒಪ್ಪಿಕೊಂಡೆ. ಆಕೆ ಬೈಯುವ ಗೋಜಿಗೆ ಹೋಗದೆ ಮುದ್ರಣದ ಪ್ರೆಸ್ಸಿಗೆ ಫೋನ್ ಹಚ್ಚಿದರು. ಆ ಎರಡು ನಿಮಿಷ ನಾನು ಕಾರ್ಪೆಟ್ಟನ್ನೇ ನೋಡುತ್ತಿದ್ದೆ.

"ಆ ಕಣಿವೆಯ ಮತಪತ್ರಗಳ ಸರದಿ ಬರುವುದು ಮಧ್ಯಾಹ್ನದ ಮೇಲಂತೆ. ಅಷ್ಟರೊಳಗೆ ಸರಿ ಮಾಡಿ ಕೊಡು."

ಹೋದ ಜೀವ ಬಂತು. ರೆಸ್ಟ್‌ರೂಮಿಗೆ ಹೋಗಿ ಅತ್ತುಬಿಟ್ಟೆ, ಕಣ್ಣೀರು ತಾನಾಗಿ ನಿಲ್ಲುವವರೆಗೂ ಅಲ್ಲೇ ಇದ್ದೆ. ಆಮೇಲೆ ಬಂದು ಒಂದೊಂದು ಚುಕ್ಕಿಯನ್ನೂ ಅದರ ಚಾವಣಿಗೆ ಸಾಗಿಸಿದೆ.

ಸರಿಯಾಯಿತೆಂದು ತಿಳಿಸಲು ಆ ಹೆಂಗಸಿಗೆ ಮತ್ತೆ ಫೋನ್ ಮಾಡಿದೆ. ಅವರು ಮೆಲ್ಲಗೆ ನಕ್ಕರು. "ಮೂರು ಸಲ ನಮ್ಮ ಕ್ಷೇತ್ರ ಬದಲಾಯಿಸಿದರು. ನಮ್ಮ ಮನೆ ಎಲ್ಲಿದೆ ಅಂತ ಕೇಳಿದವರು ನೀವೇ ಮೊದಲು."

ಕೇಳಿದ್ದು ಸಹಿ ಹಾಕಿದ ಮೇಲೆ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆದರೆ ಕಳೆದ ವರ್ಷ ನಿವೃತ್ತಳಾಗುವವರೆಗೂ ಮೊದಲು ಕೇಳುತ್ತಿದ್ದೆ, ಆಮೇಲೆ ಸಹಿ ಹಾಕುತ್ತಿದ್ದೆ.