ಕುದಿಸದ ಲಕ್ಕಿ ಸೊಪ್ಪು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ನಮ್ಮ ಲ್ಯಾಬಿನ ಅಟೆಂಡರು ಹಾಲ್ಕುರಿಕೆ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಯಾವ ಸೊಪ್ಪು ಸಿಕ್ಕರೂ ಬೆರಳಲ್ಲಿ ಹೊಸಕಿ, ಕಣ್ಣು ಮುಚ್ಚಿ ಮೂಸಿ, "ಇದ್ರಲ್ಲಿ ಜೀವ ಐತೆ ಕಣ್ರೀ" ಎನ್ನುತ್ತಿದ್ದರು.

ಗಾಯದಲ್ಲಿ ಕೀವು ತರುವ ರೋಗಾಣುಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಯಾವ ಸೊಪ್ಪು ಕುದಿಸಿ ತೆಗೆದ ರಸ ಅವನ್ನು ತಡೆಯುತ್ತದೆಂದು ನಾನು ವರ್ಷವಿಡೀ ಹುಡುಕಿ ಸೋತಿದ್ದೆ.

"ಲಕ್ಕಿ ಸೊಪ್ಪು ಕುದಿಸ್ಬ್ಯಾಡಿ ಮೇಷ್ಟ್ರೇ, ಸತ್ವ ಎಲ್ಲ ಆವೀಲಿ ಹೋಯ್ತದೆ. ಸ್ಪಿರಿಟ್ಟಲ್ಲಿ ನೆನೆಹಾಕಿ" ಎಂದರು ಒಂದು ದಿನ. ನಾನು ನಕ್ಕೆ. ಅವರೇ ನೆನೆಹಾಕಿದರು. ಎರಡು ದಿನದ ಮೇಲೆ ನೋಡಿದರೆ, ತಟ್ಟೆಯಲ್ಲಿ ಅವರು ತೆಗೆದ ರಸ ಬಿದ್ದ ಕಡೆ ರೋಗಾಣುಗಳಿಲ್ಲದ ಸ್ವಚ್ಛ ವೃತ್ತ ಮೂಡಿತ್ತು. ಎಂಎಸ್ಸಿ ಮಾಡಿದವನು ನಾನು. ಅವರು ಓದಿದ್ದು ಏಳನೇ ಕ್ಲಾಸು.

ಪ್ರಿನ್ಸಿಪಾಲರಿಗೆ ಅದು ನನ್ನದೇ ಕೆಲಸವೆಂದು ತೋರಿಸಿದೆ. ಪಕ್ಕದಲ್ಲೇ ಗಾಜು ತೊಳೆಯುತ್ತಿದ್ದ ಅಟೆಂಡರು, "ಮೇಷ್ಟ್ರು ಭಾಳ ಕಷ್ಟಪಟ್ಟವ್ರೆ ಸಾ" ಎಂದರು.

ಪ್ರಿನ್ಸಿಪಾಲರು ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ನಾನೇ ಸೊಪ್ಪು ತಂದು ನೆನೆಹಾಕಿದೆ. ತಟ್ಟೆ ತುಂಬ ರೋಗಾಣುಗಳು ಬೆಳೆದವು. ಕೊನೆಗೆ ಅಟೆಂಡರನ್ನೇ ಕೇಳಬೇಕಾಯಿತು. ಅವರು ತಮ್ಮ ತೆಂಗಿನ ತೋಟದ ಬೇಲಿಯ ಹತ್ತಿರ ಕರೆದೊಯ್ದು, ನನ್ನ ಕೈ ಹಿಡಿದು ಬಲಿತ ಎಲೆಯೊಂದರ ಮೇಲಿಟ್ಟರು. "ಇಂಥವು ಕೀಳಿ. ಎಳೇ ಎಲೇಲಿ ಏನೂ ಇಲ್ಲ."

ಆ ಸಲದ ವೃತ್ತ ಇನ್ನೂ ಅಗಲವಾಗಿತ್ತು. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ಬಾಗಿಲಲ್ಲಿ ನಿಂತಿದ್ದ ಅಟೆಂಡರ ಮುಖ ನನಗಿಂತ ಹೆಚ್ಚು ಅರಳಿತ್ತು. ಅದನ್ನೂ ಸಹಿಸಲಾರದೆ, "ಟೀ ತನ್ನಿ, ಹೋಗಿ" ಎಂದು ಅವರನ್ನು ಹೊರಗೆ ಕಳಿಸಿದೆ.